ನಿಂಫ್ ಮುಳುಗುತ್ತಿಲ್ಲ, ತೂಕ ಎಲ್ಲಿ ಹಾಕಬೇಕು?

ನೀವು ಕಟ್ಟಿದ ಫೆಸೆಂಟ್ ಟೇಲ್ ನಿಂಫ್ (ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ಕೊಕ್ಕೆಯ ಮೇಲೆ ಕಟ್ಟುವ, ನೀರೊಳಗಿನ ಹುಳುವಿನ ಮರಿಯಂತೆ ಕಾಣುವ ಫ್ಲೈ, ಅಂದರೆ ಮೀನು ಹಿಡಿಯುವ ಹುಸಿ ಹುಳ) ಮುಳುಗದೆ ಮೇಲೆಮೇಲೇ ಹೋಗುತ್ತಿದೆ, ಕೊಕ್ಕೆಯ ಉದ್ದಕ್ಕೂ ಸೀಸದ ತಂತಿ ಸುತ್ತಿದರೆ ಮುಳುಗುತ್ತದೆ, ಆದರೆ ಮೈ ಉಬ್ಬಿ ಜೀರುಂಡೆಯ ಹಾಗೆ ಕಾಣುತ್ತದೆ ಅಂತ ಕೇಳಿದ್ದೀರಿ. ನಾನೂ ಶುರುವಿನಲ್ಲಿ ಹೀಗೇ ಕಟ್ಟುತ್ತಿದ್ದೆ. ತೂಕ ಮೈಯೆಲ್ಲ ಬೇಡ, ಎದೆಗೆ ಮಾತ್ರ ಸಾಕು. ಅದಕ್ಕೆ ಸೀಸವೂ ಬೇಡ, ದಾರವೂ ಬೇಡ.

ನಾನಿರುವುದು ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ. ಈ ಫ್ಲೈ ಹುಟ್ಟಿದ್ದು ಇಲ್ಲಿನ ಏವನ್ ಹೊಳೆಯ ದಡದಲ್ಲೇ. ಇದನ್ನು ಕಟ್ಟಿದ ಫ್ರಾಂಕ್ ಸಾಯರ್ ನೆದರ್‌ಏವನ್‌ನಲ್ಲಿ ಹೊಳೆ ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಅವರು ದಾರ ಮುಟ್ಟಲೇ ಇಲ್ಲ. ಕೂದಲಿಗಿಂತ ಸ್ವಲ್ಪ ದಪ್ಪದ, ಕೆಂಪು ಛಾಯೆಯ ತಾಮ್ರದ ತಂತಿಯಲ್ಲೇ ಎಲ್ಲ ಕಟ್ಟಿದರು. ದಾರವೂ ಅದೇ, ತೂಕವೂ ಅದೇ, ಗರಿಯ ಎಳೆಗಳ ನಡುವೆ ಮಿನುಗುವ ಬಣ್ಣವೂ ಅದೇ.

ಹೊಳೆಯಲ್ಲಿ ಒಂದು ಕಲ್ಲು ಎತ್ತಿ ನೋಡಿ. ಮೇಫ್ಲೈ ಅನ್ನುವ ಹುಳುವಿನ ಈಜುವ ಜಾತಿಯ ಮರಿಗೆ ಹಿಂದೆ ಸಣ್ಣಗಿನ ಮೈ, ಮುಂದೆ ಉಬ್ಬಿದ ಎದೆ. ರೆಕ್ಕೆ ಬೆಳೆಯುವುದು ಅಲ್ಲೇ, ಅಲ್ವಾ? ಈಜುವಾಗ ಕಾಲುಗಳನ್ನು ಮೈಗೆ ಒತ್ತಿಕೊಳ್ಳುತ್ತದೆ. ಅದಕ್ಕೇ ಸಾಯರ್ ಕಾಲು ಕಟ್ಟಲಿಲ್ಲ. ಕಾಲಿಲ್ಲದ, ತೆಳ್ಳಗಿನ ಫ್ಲೈಯನ್ನು ನೀರು ತಡೆಯುವುದೂ ಕಡಿಮೆ, ಬೇಗ ಇಳಿಯುತ್ತದೆ.

14ನೇ ನಂಬರ್ ಕೊಕ್ಕೆ ತೆಗೆದುಕೊಳ್ಳಿ. ತಂತಿಯನ್ನು ಕೊಕ್ಕೆಯ ಕಣ್ಣಿನ (ಗಾಳದ ದಾರ ಕಟ್ಟುವ ತೂತು) ಹಿಂದಿನಿಂದ ಶುರು ಮಾಡಿ ಬಾಗಿನ ತನಕ ಒಂದು ಪದರ ಸುತ್ತಿ ವಾಪಸ್ ತನ್ನಿ. ಎದೆಯ ಜಾಗದಲ್ಲಿ ಮಾತ್ರ ಒಂದರ ಮೇಲೊಂದು ನಾಲ್ಕೈದು ಪದರ ಹಾಕಿ. ಮಧ್ಯೆ ಎತ್ತರ, ಎರಡೂ ಕಡೆ ಇಳಿಜಾರು ಇರಲಿ. ತಂತಿಯನ್ನು ಮತ್ತೆ ಬಾಗಿಗೆ ಒಯ್ದು, ಗಂಡು ಫೆಸೆಂಟ್ ಬಾಲದ ನಾಲ್ಕು ಎಳೆಗಳನ್ನು ಕಟ್ಟಿ. ಅವುಗಳ ತುದಿ ಮೂರು ಮಿಲಿಮೀಟರಿನಷ್ಟು ಹಿಂದಕ್ಕೆ ಚಾಚಿರಲಿ, ಅದೇ ಬಾಲ. ಈಗ ಎಳೆಗಳನ್ನು ತಂತಿಯ ಜೊತೆ ಹುರಿಹಾಕಿ, ಎರಡನ್ನೂ ಸೇರಿಸಿ ಕಣ್ಣಿನ ತನಕ ಸುತ್ತಿ. ಹೀಗೆ ಮಾಡಿದರೆ ಮೀನಿನ ಹಲ್ಲು ತಗುಲಿ ಒಂದು ಎಳೆ ಹರಿದರೂ ಇಡೀ ಮೈ ಬಿಚ್ಚಿಕೊಳ್ಳುವುದಿಲ್ಲ. ಆಮೇಲೆ ಎಳೆ ಮತ್ತು ತಂತಿಯನ್ನು ಬೇರೆ ಮಾಡಿ. ತಂತಿಯನ್ನು ಎದೆಯ ಹಿಂದಕ್ಕೆ ತಂದು, ಎಳೆಗಳನ್ನು ಮೇಲಿಂದ ಹಿಂದಕ್ಕೆ ಮಡಚಿ ಕಟ್ಟಿ. ಮತ್ತೆ ಮುಂದಕ್ಕೆ ಮಡಚಿ ಕಣ್ಣಿನ ಹತ್ತಿರ ಕಟ್ಟಿ, ಎರಡು ಮೂರು ಗಂಟು ಹಾಕಿ ಮುಗಿಸಿ.

ತಂತಿಯ ಬಿಗಿ ಕೈಗೆ ಬರಲು ಸ್ವಲ್ಪ ದಿನ ಬೇಕು. ಜಾಸ್ತಿ ಎಳೆದರೆ ತುಂಡಾಗುತ್ತದೆ, ಸಡಿಲ ಬಿಟ್ಟರೆ ಎದೆ ತಿರುಗುತ್ತದೆ. ನನಗೆ ಅಮ್ಮ ಮಲ್ಲಿಗೆ ಕಟ್ಟುತ್ತಿದ್ದುದು ನೆನಪಾಗುತ್ತದೆ. ತೊಟ್ಟು ಕತ್ತರಿಸಬಾರದು, ಹೂವು ಜಾರಲೂಬಾರದು. ಅದೇ ಹದ.

ತೂಕ ಮುಂದೆ ಇರುವುದರಿಂದ ಫ್ಲೈ ತಲೆ ಕೆಳಗಾಗಿ ಇಳಿಯುತ್ತದೆ. ಮೀನಿನ ಮುಂದೆ ಬಂದಾಗ ಗಾಳದ ಕೋಲಿನ ತುದಿ ಮೆಲ್ಲಗೆ ಎತ್ತಿದರೆ ತಲೆ ಮೇಲೆ ಮಾಡಿ ಏಳುತ್ತದೆ, ರೆಕ್ಕೆ ಬಿಚ್ಚಲು ಮೇಲಕ್ಕೆ ಹೊರಟ ನಿಜವಾದ ಮರಿಯ ಹಾಗೆಯೇ. ಎಷ್ಟೋ ಸಲ ಟ್ರೌಟ್ ಬಾಯಿ ಹಾಕುವುದು ಆ ಒಂದು ಕ್ಷಣದಲ್ಲಿ. ಮೈಯೆಲ್ಲ ಸೀಸ ತುಂಬಿದ ಫ್ಲೈ ಹೀಗೆ ಏಳುವುದಿಲ್ಲ.

ಆಳ, ವೇಗದ ನೀರಿಗೆ ತಾಮ್ರ ಸಾಲದು. ಅಲ್ಲಿ ಟಂಗ್‌ಸ್ಟನ್ ಮಣಿ ಹಾಕಿ. ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ 19.3 ಗ್ರಾಂ, ಸೀಸದ್ದು 11.3, ತಾಮ್ರದ್ದು 8.9. ಹಾಗಾಗಿ ಚಿಕ್ಕ ಮಣಿಯೇ ಸಾಕು. ಮಣಿಯ ಸಣ್ಣ ತೂತು ಕಣ್ಣಿನ ಕಡೆಗಿರಲಿ. ಸೀಸ ನುಂಗಿ ಹಂಸಗಳು ಸಾಯುತ್ತಿದ್ದವು ಅಂತ ಇಲ್ಲಿ 1987ರಲ್ಲಿ ಗಾಳದ ದಾರಕ್ಕೆ ತೂಕವಾಗಿ ಹಾಕುವ ಹೆಚ್ಚಿನ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿದರು. ನಾನು ಫ್ಲೈಗೂ ಸೀಸ ಹಾಕುವುದಿಲ್ಲ.

ಒಂದು ಮಾತು ಮರೆತಿದ್ದೆ. ಹೊಸ ಫ್ಲೈಯ ಎಳೆಗಳೊಳಗೆ ಗಾಳಿ ಕೂತಿರುತ್ತದೆ, ಎಷ್ಟು ತೂಕ ಇದ್ದರೂ ಮೊದಲ ಎಸೆತಗಳಲ್ಲಿ ತೇಲಬಹುದು. ನೀರಿನೊಳಗೆ ಹಿಡಿದು ಬೆರಳಿನಿಂದ ಚೆನ್ನಾಗಿ ಹಿಂಡಿ. ಮನೆಯಲ್ಲೇ ಗಾಜಿನ ಲೋಟದ ನೀರಿಗೆ ಹಾಕಿ ನೋಡಬಹುದು. ತಲೆ ಮುಂದಾಗಿ ನೇರ ತಳ ಸೇರಿದರೆ ಸರಿ. ಅಡ್ಡಡ್ಡ ಇಳಿದರೆ ಎದೆಗೆ ಇನ್ನೆರಡು ಪದರ ಬೇಕು ಅಂತ ಅರ್ಥ.

ಹಾಂ, ಹೊರಡುವ ಮುಂಚೆ ನಿಮ್ಮ ಹೊಳೆಯ ನಿಯಮ ಕೇಳಿಕೊಳ್ಳಿ. ಇಲ್ಲಿನ ಕೆಲವು ಚಾಕ್ ಹೊಳೆಗಳಲ್ಲಿ (ಸುಣ್ಣದ ಕಲ್ಲಿನ ನೆಲದಿಂದ ಹುಟ್ಟುವ ತಿಳಿನೀರಿನ ಹೊಳೆಗಳು) ಜೂನ್ ಮುಗಿಯುವ ತನಕ ನೀರಿನ ಮೇಲೆ ತೇಲುವ ಡ್ರೈ ಫ್ಲೈ ಮಾತ್ರ, ನಿಂಫ್‌ಗೆ ಜುಲೈ ಬರಬೇಕು.