ಪಕ್ಕದ ಮನೆಯವರು ಮಿಷನ್‌ಗೆ ಹೊರಟರೆ

ಲೀಹೈಗೆ ಸ್ವಾಗತ. ಯೂಟಾಕ್ಕೆ ಹೊಸದಾಗಿ ಬರುವ ನಮ್ಮವರು ಸಾಮಾನ್ಯವಾಗಿ ಶಾಲೆ, ಬಾಡಿಗೆ, ಇಂಡಿಯನ್ ಸ್ಟೋರ್ ವಿಚಾರ ಕೇಳುತ್ತಾರೆ. ನೀವು ಪಕ್ಕದ ಮನೆಯವರ ಬಗ್ಗೆ ಕೇಳಿದ್ದೀರಿ, ಓದಿ ಖುಷಿಯಾಯಿತು. ಎಪ್ಪತ್ತರ ಹತ್ತಿರದ ಗಂಡ ಹೆಂಡತಿ. ಮನೆಗೆ ಬೀಗ ಹಾಕಿ, ಬೇರೆ ರಾಜ್ಯದಲ್ಲಿ ಅವರ ಚರ್ಚಿನವರು ಕಟ್ಟುತ್ತಿರುವ ಟೆಂಪಲ್‌ನ ಸೈಟಿಗೆ ಒಂದೂವರೆ ವರ್ಷ ಸೇವೆಗೆ, ಅವರ ಮಾತಲ್ಲಿ ಮಿಷನ್‌ಗೆ, ಹೊರಟಿದ್ದಾರೆ. ಸಂಬಳವಿಲ್ಲ ಅನ್ನುವುದನ್ನು ನಂಬಬೇಕಾ, ಮಿಷನ್ ಅಂದರೆ ಮತಾಂತರ ಅಲ್ವಾ, ಬೀಳ್ಕೊಡುಗೆಗೆ ಚರ್ಚಿಗೆ ಕರೆದಿದ್ದಾರೆ ಹೋಗಬಹುದಾ ಅಂತ ನಿಮ್ಮ ಪ್ರಶ್ನೆ.

ನಂಬಿ. ಇವರು ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್ ಡೇ ಸೇಂಟ್ಸ್‌ನವರು, ಹೊರಗಿನವರ ಬಾಯಲ್ಲಿ ಮಾರ್ಮನ್ನರು. ನಿವೃತ್ತರಾದ ದಂಪತಿಗಳು ಇವರಲ್ಲಿ 6 ತಿಂಗಳಿಂದ 23 ತಿಂಗಳವರೆಗೆ ಹೀಗೆ ಹೋಗುತ್ತಾರೆ. ಅಲ್ಲಿನ ಬಾಡಿಗೆ, ಊಟ, ಓಡಾಟ ಎಲ್ಲ ಅವರದೇ ಉಳಿತಾಯದಲ್ಲಿ. ಮೊಮ್ಮಕ್ಕಳನ್ನು ಬಿಟ್ಟು, ಕೈಯಿಂದ ದುಡ್ಡು ಹಾಕಿ ಹೋಗುವುದು ಸಣ್ಣ ಮಾತಲ್ಲ.

ಹಾಗಂತ ಅಲ್ಲಿ ಅವರು ಕಲ್ಲು ಹೊರುವುದಿಲ್ಲ. ಹಿಂದೆ ಹಾಗಿತ್ತು. ಸಾಲ್ಟ್ ಲೇಕ್ ಟೆಂಪಲ್ ಕಟ್ಟೋಕೆ 1853ರಿಂದ 1893ರವರೆಗೆ 40 ವರ್ಷ ಹಿಡಿಯಿತು. ಗ್ರಾನೈಟ್ ಕಲ್ಲನ್ನು ಲಿಟಲ್ ಕಾಟನ್‌ವುಡ್ ಕಣಿವೆಯಿಂದ ಮೊದಮೊದಲು ಎತ್ತಿನ ಗಾಡಿಯಲ್ಲಿ ತಂದರು. ನ್ಯೂಜಿಲೆಂಡಿನ ಹ್ಯಾಮಿಲ್ಟನ್‌ನಲ್ಲಿ 1958ರಲ್ಲಿ ಮುಗಿದ ಟೆಂಪಲ್‌ಗೆ ಸಂಬಳವಿಲ್ಲದೆ ದುಡಿದ ಸ್ವಯಂಸೇವಕರೇ ಆಧಾರ. ಈಗ ಕಟ್ಟುವ ಕೆಲಸ ಕಂಟ್ರಾಕ್ಟರ್‌ಗಳದು.

ಮತ್ತೆ ಇವರಿಗೇನು ಕೆಲಸ? ಕೆಲವು ವರ್ಷಗಳ ಹಿಂದೆ ನಮ್ಮ ಮನೆ ಹತ್ತಿರ ಒಂದು ಟೆಂಪಲ್ ಏಳುತ್ತಿದ್ದಾಗ ಇಡಾಹೊದಿಂದ ಒಬ್ಬ ದಂಪತಿ ಬಂದಿದ್ದರು. ವಾಕಿಂಗ್ ಹೋಗುವಾಗ ಪರಿಚಯವಾಯಿತು. ಆತ ಜೀವನವಿಡೀ ಮನೆ ಕಟ್ಟಿಸಿದವರು. ಹೊಳೆಯುವ ಹಳದಿ ಜಾಕೆಟ್, ಅದರ ಮೇಲೆ ಹೆಸರಿನ ಕಪ್ಪು ಬ್ಯಾಡ್ಜ್. ಟೈಲ್ಸ್‌ನ ಸಂದಿಗಳ ಮೇಲೆ ಬೆರಳಾಡಿಸಿ ನೋಡಿ, ಫೋಟೋ ತೆಗೆದು, ಸಂಜೆ ವರದಿ ಕಳಿಸುತ್ತಿದ್ದರು. ಆಕೆ ನಿವೃತ್ತ ಟೀಚರ್. ಆಕೆಯ ಕೈಯಲ್ಲಿ ಒಂದು ಗೆರೆ ಹಾಕಿದ ನೋಟ್‌ಬುಕ್. ಸೈಟಿಗೆ ಬರುವ ಪ್ರತಿಯೊಬ್ಬ ಕೆಲಸಗಾರನ ಹೆಸರು, ಊರು, ಮಕ್ಕಳೆಷ್ಟು, ಹುಟ್ಟಿದ ದಿನ ಯಾವುದು, ಎಲ್ಲ ಅದರಲ್ಲಿತ್ತು. ಅವರಲ್ಲಿ ಬಹಳ ಜನ ಸ್ಪ್ಯಾನಿಷ್ ಮಾತಾಡುವವರು. ಹೆಸರಿನ ಪಕ್ಕದಲ್ಲೇ ಉಚ್ಚಾರಣೆ ಬರೆದುಕೊಂಡು, ಮರುದಿನ ಸರಿಯಾಗಿ ಕರೆಯುತ್ತಿದ್ದರು. ಜನವರಿ ಚಳಿಯಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ಬಿಸಿ ಚಾಕೊಲೇಟ್ ಹಿಡಿದು ನಿಂತಿರುತ್ತಿದ್ದರು. ಒಮ್ಮೆ ಪೈಂಟಿಂಗ್ ಮಾಡುವ ಹುಡುಗನ ಹೆಂಡತಿಗೆ ಹೆರಿಗೆಯಾದಾಗ ಮಗುವಿಗೆ ತಾವೇ ಹೊಲಿದ ಕೌದಿ ಕೊಟ್ಟರು. ಆ ಹುಡುಗನಿಗೆ ಧರ್ಮ ಬೋಧನೆ ಮಾಡಿದ್ದನ್ನು ನಾನಂತೂ ನೋಡಲಿಲ್ಲ. ಸೈಟಿನಲ್ಲಿ ಸಿಗರೇಟು, ಕೆಟ್ಟ ಮಾತು ಬೇಡ, ಭಾನುವಾರ ಕೆಲಸವಿಲ್ಲ, ಅಷ್ಟೇ ನಿಯಮ.

ಬಾಗಿಲು ತಟ್ಟಿ ಧರ್ಮದ ಮಾತಾಡುವವರು ಬೇರೆ. ಬಿಳಿ ಶರ್ಟು, ಟೈ ಹಾಕಿದ ಇಪ್ಪತ್ತರ ಆಸುಪಾಸಿನ ಹುಡುಗರು ಜೋಡಿಯಾಗಿ ಬರುತ್ತಾರೆ, ಹುಡುಗಿಯರೂ ಬರುತ್ತಾರೆ. ನಿಮ್ಮ ಮನೆಗೂ ಬರಬಹುದು. ಬೇಡ ಅನ್ನಿಸಿದರೆ ನಗುತ್ತಲೇ ಬೇಡ ಅನ್ನಿ. ದಾಕ್ಷಿಣ್ಯಕ್ಕೆ ಮುಂದಿನ ವಾರ ನೋಡೋಣ ಅನ್ನಬೇಡಿ. ಮುಂದಿನ ವಾರ ಅವರು ನಿಜವಾಗಿಯೂ ಬರುತ್ತಾರೆ. ನೇರವಾಗಿ ಹೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಸ್ನೇಹವೂ ಕೆಡುವುದಿಲ್ಲ. ನಾವು ಇಷ್ಟು ವರ್ಷ ಹೀಗೇ ಇದ್ದೇವೆ. ಮನೆಯಲ್ಲಿ ಗಣೇಶನ ಹಬ್ಬ ಮಾಡುತ್ತೇವೆ, ಸೌತ್ ಜೋರ್ಡನ್‌ನ ಗಣೇಶ ದೇವಸ್ಥಾನಕ್ಕೆ ಹೋಗುತ್ತೇವೆ, ಅವರನ್ನೂ ಕರೆಯುತ್ತೇವೆ.

ಬೀಳ್ಕೊಡುಗೆಗೆ ಖಂಡಿತ ಹೋಗಿ. ಅದು ನಡೆಯುವುದು ಬಡಾವಣೆಯ ಚರ್ಚಿನಲ್ಲಿ, ಭಾನುವಾರದ ಸಭೆಯಲ್ಲಿ. ಒಂದು ಗಂಟೆ ಅಷ್ಟೇ. ಅವರಿಬ್ಬರೂ ಮಾತಾಡುತ್ತಾರೆ. ಸೀರೆ, ಚೂಡಿದಾರ ಯಾವುದಾದರೂ ನಡೆಯುತ್ತದೆ. ನಡುವೆ ಬ್ರೆಡ್ಡಿನ ಚೂರು, ನೀರಿನ ಪುಟ್ಟ ಲೋಟಗಳಿರುವ ತಟ್ಟೆ ಬರುತ್ತದೆ. ಅದು ಅವರ ವಿಧಿ. ತೆಗೆದುಕೊಳ್ಳದೆ ಪಕ್ಕದವರಿಗೆ ದಾಟಿಸಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಹೊರಡುವ ಮುಂಚೆ ಒಂದು ದಿನ ಮನೆಗೆ ದೋಸೆಗೆ ಕರೆಯಿರಿ. ಕಾಫಿ, ಟೀ ಅವರು ಕುಡಿಯುವುದಿಲ್ಲ. ಬಾದಾಮಿ ಹಾಲು ಮಾಡಿ. ಅವರಿಲ್ಲದಾಗ ಟಪಾಲು ತೆಗೆದಿಡುತ್ತೇವೆ, ಹಿಮ ಬಿದ್ದರೆ ಡ್ರೈವ್‌ವೇ ಸರಿಮಾಡುತ್ತೇವೆ ಅಂತ ನೀವೇ ಹೇಳಿ. ಯಾರ ಪರಿಚಯವೂ ಇಲ್ಲ ಅಂತ ಬರೆದಿದ್ದೀರಲ್ಲ, ಬೀದಿಯವರೆಲ್ಲ ಪರಿಚಯವಾಗೋಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಗೊತ್ತಿಲ್ಲ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಕಷ್ಟ ಅನ್ನಿಸುತ್ತದೆ. ಟೆಂಪಲ್ ಅಂದರೆ ವಾರವಾರ ಹೋಗುವ ಚರ್ಚ್ ಅಲ್ಲ. ಮದುವೆ, ತೀರಿಹೋದ ಹಿರಿಯರ ಹೆಸರಿನಲ್ಲಿ ದೀಕ್ಷಾಸ್ನಾನ, ಇಂಥ ವಿಧಿಗಳಿಗೆ ಮೀಸಲು. ಪ್ರತಿಷ್ಠೆಯಾದ ಮೇಲೆ ಅನುಮತಿ ಪಡೆದ ಸದಸ್ಯರಿಗಷ್ಟೇ ಪ್ರವೇಶ. ಹೆತ್ತ ಮಗಳ ಮದುವೆ ಒಳಗೆ ನಡೆಯುತ್ತಿದ್ದರೂ, ಸದಸ್ಯರಲ್ಲದ ಅಪ್ಪ ಅಮ್ಮ ಹೊರಗೇ ಇರಬೇಕು. ಆ ಕೆಲಸಗಾರರೂ ಅಷ್ಟೇ, ತಾವೇ ಕಟ್ಟಿದ ಕೋಣೆಯೊಳಗೆ ಮತ್ತೆ ಕಾಲಿಡುವಂತಿಲ್ಲ.

ಆದರೆ ಪ್ರತಿಷ್ಠೆಗೆ ಮುಂಚೆ ಕೆಲವು ವಾರ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಶೂ ಮೇಲೆ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಒಳಗೆಲ್ಲ ನೋಡಿ ಬರಬಹುದು. ಬೆಂಗಳೂರಿನಲ್ಲೂ ಇವರ ಟೆಂಪಲ್ ಘೋಷಣೆಯಾಗಿದ್ದು 2018ರಲ್ಲಿ, ಗುದ್ದಲಿ ಪೂಜೆ 2020ರ ಡಿಸೆಂಬರಿನಲ್ಲಿ. ಭಾರತಕ್ಕೆ ಅದೇ ಮೊದಲನೆಯದು. ಇನ್ನು ಸಾಲ್ಟ್ ಲೇಕ್ ಟೆಂಪಲ್ ದುರಸ್ತಿಗೆಂದು 2019ರ ಕೊನೆಯಲ್ಲಿ ಮುಚ್ಚಿತು. ಅದನ್ನು 2027ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಾರ್ವಜನಿಕರಿಗೆ ತೆರೆಯುತ್ತೇವೆ ಅಂತ ಹೇಳಿದ್ದಾರೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಇದ್ದರೆ ಆ ತಿಂಗಳುಗಳಲ್ಲೇ ಕರೆಸಿಕೊಳ್ಳಿ.