ಹೊದೊಂಗ್ ಯಾಕೆ ಸುಮ್ಮನಿದ್ದ?

ಪ್ರಶ್ನೆ: ಕೊರಿಯನ್ ಧಾರಾವಾಹಿಗಳಲ್ಲಿ ರಾಜಕುಮಾರರು ಮಾನ, ನಿಷ್ಠೆ ಅಂತ ಪ್ರಾಣ ಕಳೆದುಕೊಳ್ಳುತ್ತಾರೆ. ಹಳೆಯ ಚರಿತ್ರೆಯಲ್ಲೂ ಹೀಗಿದೆಯಾ?
– ಓದುಗರೊಬ್ಬರು, ತಿಪಟೂರು

ಉತ್ತರ: ಇದೆ. 1145ರಲ್ಲಿ ಕಿಮ್ ಬುಸಿಕ್ ಮುಗಿಸಿದ, ಕೊರಿಯಾದ ಮೂರು ಹಳೆಯ ರಾಜ್ಯಗಳ ಚರಿತ್ರೆ ‘ಸಂಗುಕ್ ಸಾಗಿ’ಯಲ್ಲಿ ನನ್ನನ್ನು ಜಾಸ್ತಿ ಕಾಡುವವನು ಅವುಗಳಲ್ಲೊಂದಾದ ಗೊಗುರ್ಯೊ ರಾಜ್ಯದ ರಾಜಕುಮಾರ ಹೊದೊಂಗ್. ಕ್ರಿ.ಶ. 32ರ ಮಾತು. ದೇಮುಸಿನ್ ರಾಜನ ಕಿರಿಯ ರಾಣಿಯ ಮಗ, ಚೆಲುವ. ಇವನೇ ಯುವರಾಜನಾದಾನು ಎಂದು ಪಟ್ಟದ ರಾಣಿಗೆ ಭಯ. ತನ್ನ ಜೊತೆ ಕೆಟ್ಟದಾಗಿ ನಡೆದುಕೊಂಡನೆಂದು ಚಾಡಿ ಹೇಳಿದಳು. ರಾಜ ಮೊದಲು ನಂಬಲಿಲ್ಲ. ಅವಳು ಅತ್ತ ಮೇಲೆ ಅನುಮಾನಪಟ್ಟ. ನಿಜ ಹೇಳಬಾರದೇ ಎಂದು ಯಾರೋ ಹೊದೊಂಗನನ್ನು ಕೇಳಿದರು. ಹೇಳಿದರೆ ಮಲತಾಯಿಯ ತಪ್ಪು ಬಯಲಾಗುತ್ತದೆ, ತಂದೆಗೆ ಚಿಂತೆಯಾಗುತ್ತದೆ ಎಂದವನು ಪ್ರಾಣ ಬಿಟ್ಟ. ಮಲತಾಯಿಯ ಚಾಡಿ ನಮ್ಮ ಕಥೆಗಳಿಗೂ ಹೊಸದಲ್ಲ, ಅಲ್ವಾ?

ಕಿಮ್ ಬುಸಿಕ್ ಅವನನ್ನು ಹೊಗಳಲಿಲ್ಲ. ಅದೇ ನನಗೆ ಇಷ್ಟ. ತಪ್ಪು ರಾಜನದು, ನಿಜ. ಆದರೆ ತಂದೆ ದೊಡ್ಡ ಕೋಲು ಎತ್ತಿದಾಗ ಮಗ ಓಡಿಹೋಗಬೇಕಿತ್ತು ಎಂಬ ಅರ್ಥದಲ್ಲಿ ಬರೆದ.

ಪ್ರಾಣ ಬಿಡಲು ಇನ್ನೊಂದು ಕಾರಣ ರಾಜನಿಷ್ಠೆ. 248ರಲ್ಲಿ ಅದೇ ಗೊಗುರ್ಯೊದ ದೊಂಗ್‌ಚಿಯೊನ್ ರಾಜ ತೀರಿಕೊಂಡಾಗ ಹಲವರು ಜೊತೆಗೇ ಸಾಯಲು ಹೊರಟರು. ಹೊಸ ರಾಜ ಬೇಡವೆಂದ. ಆದರೂ ಸಮಾಧಿಯ ದಿನ ತುಂಬಾ ಜನ ಸತ್ತರು. ರಾಜನಿಗಾಗಿ ಸಾಯಲು ರಾಜನ ಮಾತನ್ನೇ ಮೀರಿದರು, ನೋಡಿ!