ವಿಜ್ಞಾನ ಓದಿದ ಮಗಳು ಲೈಬ್ರರಿಗೆ ಹೋದರೆ ನಷ್ಟವೇ?

ಪತ್ರ: ಮಗಳು ಹಾಸನದಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ, ಸಸ್ಯಶಾಸ್ತ್ರದಲ್ಲಿ ಒಳ್ಳೆಯ ಅಂಕ. ಈಗ ಗ್ರಂಥಾಲಯ ವಿಜ್ಞಾನ ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದಕ್ಕೆ ವಿಜ್ಞಾನ ಯಾಕೆ? ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಕೆಲಸ ಯಾರು ಕೊಡುತ್ತಾರೆ?
– ಒಬ್ಬ ಬೆಳೆಗಾರ, ಸಕಲೇಶಪುರ

ಸಂಪಾದಕರ ಉತ್ತರ:

ಮಾನ್ಯರೇ, ಕೆಲಸದ ಬಗ್ಗೆ ನಿಮಗಿರುವ ಆತಂಕ ಸುಳ್ಳಲ್ಲ. ಕಲಾ ವಿಭಾಗದಿಂದ ಬಂದು ಒಳ್ಳೆಯ ಗ್ರಂಥಪಾಲಕರಾದವರೂ ಬೇಕಾದಷ್ಟಿದ್ದಾರೆ. ಆದರೆ ‘ಪುಸ್ತಕ ಕೊಟ್ಟು ತೆಗೆದುಕೊಳ್ಳುವುದು’ ಎಂದು ಬರೆದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ತೋಟದ ಸಿಲ್ವರ್ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯನ್ನೇ ನೋಡಿ. ಮಳೆಗಾಲದಲ್ಲಿ ಬುಡ ಕೊಳೆತು ಬಳ್ಳಿ ಒಣಗುವ ಶೀಘ್ರ ಸೊರಗು ರೋಗದ ಬಗ್ಗೆ ಒಬ್ಬ ಸಂಶೋಧಕನಿಗೆ ಹಳೆಯ ಪ್ರಬಂಧಗಳು ಬೇಕು ಅಂದುಕೊಳ್ಳಿ. ರೋಗಾಣುವಿನ ಈಗಿನ ಹೆಸರು ಫೈಟಾಫ್ತೊರಾ ಕ್ಯಾಪ್ಸಿಸಿ. ಅದನ್ನಷ್ಟೇ ಹಾಕಿ ಹುಡುಕಿದರೆ ಹಿಂದಿನ ದಶಕಗಳ ಕೆಲಸ ಬಹುಪಾಲು ತಪ್ಪಿಹೋಗುತ್ತದೆ. ಆಗ ಇದನ್ನು ಫೈಟಾಫ್ತೊರಾ ಪಾಮಿವೊರಾ ಎಂದು ಗುರುತಿಸಿದ್ದರು. ಇನ್ನೊಂದು ತೊಡಕೂ ಇದೆ. ಕ್ಯಾಪ್ಸಿಸಿ ದಪ್ಪ ಮೆಣಸಿನಕಾಯಿಯನ್ನೂ ಕಾಡುತ್ತದೆ, ಇಂಗ್ಲಿಷಿನಲ್ಲಿ ಅದಕ್ಕೂ ‘ಪೆಪ್ಪರ್’ ಎಂದೇ ಹೆಸರು. ಹೀಗಾಗಿ ಬೇಡದ ಪ್ರಬಂಧಗಳು ರಾಶಿ ಬೀಳುತ್ತವೆ. ಸರಿಯಾದ ಕ್ರಮ ಇದು: ರೋಗಾಣುವಿನ ಎರಡೂ ಹೆಸರನ್ನು ಆವರಣದೊಳಗೆ ‘ಆರ್’ (ಇದು ಅಥವಾ ಅದು) ಹಾಕಿ ಜೋಡಿಸಬೇಕು, ಅದಕ್ಕೆ ‘ಆಂಡ್’ (ಎರಡೂ ಇರಲೇಬೇಕು) ಹಾಕಿ ಬಳ್ಳಿಯ ಸಸ್ಯನಾಮ ಪೈಪರ್ ನೈಗ್ರಮ್ ಸೇರಿಸಬೇಕು. ಆಮೇಲೆ ‘ಫುಟ್ ರಾಟ್’, ‘ಕ್ವಿಕ್ ವಿಲ್ಟ್’ ಎಂಬ ರೂಢಿಯ ಹೆಸರುಗಳನ್ನೂ ಕೊಟ್ಟು ಇನ್ನೊಮ್ಮೆ ಹುಡುಕಬೇಕು. ಇದನ್ನು ಮಾಡಲು ಸಸ್ಯಶಾಸ್ತ್ರವೂ ಬೇಕು, ಗ್ರಂಥಾಲಯ ವಿಜ್ಞಾನವೂ ಬೇಕು. ನಿಮ್ಮ ಮಗಳ ಕೈಯಲ್ಲಿ ಮೊದಲನೆಯದು ಆಗಲೇ ಇದೆ.

ಎಂಜಿನಿಯರಿಂಗ್ ಕಾಲೇಜಿನ ಕಥೆಯೂ ಇಷ್ಟೇ. ಕಾಂಕ್ರೀಟ್ ಕಟ್ಟಡಗಳ ಲೆಕ್ಕಕ್ಕೆ ದೇಶ ಒಪ್ಪಿದ ನಿಯಮಪುಸ್ತಕ, ಅಂದರೆ ಐಎಸ್ 456 ಮಾನಕ, 1978ರಲ್ಲಿ ಒಂದು ಬಂತು, 2000ದಲ್ಲಿ ಪರಿಷ್ಕೃತವಾಯಿತು. ಎರಡೂ ಒಂದೇ ಕಪಾಟಿನಲ್ಲಿದ್ದು, ಹಳೆಯದರ ಮೇಲೆ ‘ರದ್ದಾಗಿದೆ’ ಎಂಬ ಮುದ್ರೆ ಇಲ್ಲದಿದ್ದರೆ ವಿದ್ಯಾರ್ಥಿ ಕೈಗೆ ಸಿಕ್ಕಿದ್ದರಿಂದಲೇ ಲೆಕ್ಕ ಹಾಕುತ್ತಾನೆ. ಆ ಮುದ್ರೆ ಒತ್ತುವವರಿಗೆ ಮಾನಕ ಎಂದರೇನು ಎಂದು ಗೊತ್ತಿರಬೇಕು.

ಗ್ರಂಥಾಲಯ ವಿಜ್ಞಾನವನ್ನು ನಮ್ಮ ದೇಶದಲ್ಲಿ ಕಟ್ಟಿದ ಎಸ್.ಆರ್. ರಂಗನಾಥನ್ ಅವರೇ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1962ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಅಡಿ ಡಿಆರ್‌ಟಿಸಿ ಎಂಬ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರ ಆರಂಭಿಸಿದರು. ನಿಮ್ಮ ಮಗಳು ಮೊದಲು ಅದರ ಎರಡು ವರ್ಷದ ಎಂ.ಎಸ್. ಕೋರ್ಸಿನ ಪ್ರವೇಶ ಪರೀಕ್ಷೆ ಬರೆಯಲಿ. ಸಿಗದಿದ್ದರೆ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸ್ ಇದೆ. ಕಾಲೇಜು ಗ್ರಂಥಪಾಲಕ ಹುದ್ದೆಗೆ ಯುಜಿಸಿ ನಿಯಮದಂತೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ ಬೇಕು, ಜೊತೆಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಕೆ-ಸೆಟ್ ಅರ್ಹತಾ ಪರೀಕ್ಷೆ. ನೆಟ್‌ನಲ್ಲಿ ಈ ವಿಷಯದ ಸಂಕೇತ 59.

ಅನೇಕರು ಎಡವುವುದು ಇಲ್ಲಿ. ತರಗತಿಯಲ್ಲಿ ವರ್ಗೀಕರಣವನ್ನು, ಅಂದರೆ ಪುಸ್ತಕಗಳನ್ನು ವಿಷಯವಾರು ವಿಂಗಡಿಸುವುದನ್ನು, ಹಳೆಯ ಪ್ರಶ್ನೆಪತ್ರಿಕೆಯ ಶೀರ್ಷಿಕೆಗಳ ಮೇಲೆ ಕಲಿಯುತ್ತಾರೆ, ನಿಜವಾದ ಸಂಶೋಧನಾ ಪ್ರಬಂಧವನ್ನು ಮುಟ್ಟಿಯೇ ಇರುವುದಿಲ್ಲ. ಗ್ರಂಥಾಲಯ ನಡೆಸುವ ಕೋಹಾ ತಂತ್ರಾಂಶ ಉಚಿತ. ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿ ಅದನ್ನು ಸ್ಥಾಪಿಸಲಿ. ನಿಮ್ಮ ಮನೆಯ ಕೃಷಿ ಪುಸ್ತಕಗಳನ್ನೇ ಗ್ರಂಥಸೂಚಿಯ ಮಾರ್ಕ್ 21 ಮಾದರಿಯಲ್ಲಿ ದಾಖಲಿಸಲಿ. ಅದರಲ್ಲಿ ಪ್ರತಿ ವಿವರಕ್ಕೂ ಸಂಖ್ಯೆಯಿರುವ ಒಂದು ಮನೆ ಇದೆ: ಶೀರ್ಷಿಕೆ 245ರಲ್ಲಿ, ಪುಸ್ತಕದ ವಿಷಯ ತಿಳಿಸುವ ಡ್ಯೂಯಿ ಸಂಖ್ಯೆ 082ರಲ್ಲಿ, ವಿಷಯದ ಪದ 650ರಲ್ಲಿ. ಕಾಫಿಗೆ ಡ್ಯೂಯಿ ಸಂಖ್ಯೆ 633.73. ಹೆಚ್ಚು ಹೊತ್ತು 650ರ ಮೇಲೆಯೇ ಹೋಗಲಿ. ಒಂದೇ ಕೀಟದ ಬಗ್ಗೆ ಒಂದು ಪುಸ್ತಕಕ್ಕೆ ‘ಬೋರರ್’ ಎಂದೂ ಇನ್ನೊಂದಕ್ಕೆ ‘ಕಾಂಡ ಕೊರಕ’ ಎಂದೂ ಹಾಕಿದರೆ ಹುಡುಕಿದವರಿಗೆ ಅರ್ಧವೇ ಸಿಗುತ್ತದೆ. ರಜೆಯಲ್ಲಿ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಗೆ ಪತ್ರ ಬರೆದು, ಗ್ರಂಥಾಲಯದಲ್ಲಿ ತರಬೇತಿಗೆ ಅವಕಾಶ ಕೇಳಲಿ.

ಇನ್ನು ಮೊಬೈಲಿನ ಮಾತು. ವಿಜ್ಞಾನ ಪತ್ರಿಕೆಗಳಲ್ಲಿ ಬಹಳಷ್ಟು ಚಂದಾ ಕಟ್ಟಿದವರಿಗೆ ಮಾತ್ರ ತೆರೆಯುತ್ತವೆ. ಅದಕ್ಕಾಗಿಯೇ ಕೇಂದ್ರ ಸರ್ಕಾರ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ತಂದಿದೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. 2025ರ ಜನವರಿಯಿಂದ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಇವು ಸಿಗುತ್ತಿವೆ. ಇಷ್ಟು ದುಡ್ಡು ಸುರಿದ ಮೇಲೆ ಹುಡುಕುವುದನ್ನು ಹೇಳಿಕೊಡುವ ಮನುಷ್ಯ ಬೇಡವೇ? ಎಷ್ಟೋ ಕಾಲೇಜುಗಳಿಗೆ ಗ್ರಂಥಪಾಲಕರ ನೆನಪಾಗುವುದೇ ಪರಿಶೀಲನಾ ತಂಡ ಬರುತ್ತದೆ ಎಂದಾಗ. ತಂಡ ಹೋದ ಮೇಲೆ ಅವರಿಗೆ ಪರೀಕ್ಷಾ ಮೇಲ್ವಿಚಾರಣೆ, ಹಾಜರಿ ನಮೂದು, ಸಮಾರಂಭದ ಓಡಾಟ. ಹುದ್ದೆ ಗುತ್ತಿಗೆಯದು, ಸಂಬಳ ತಡ. ಇದು ಓದುವ ಮಕ್ಕಳಿಗೆ ಮಾಡುವ ಅನ್ಯಾಯ, ನನಗೆ ಸಹಿಸಲಾಗದ ಅನ್ಯಾಯ. ನಿಮ್ಮಂಥ ಪೋಷಕರು ಕಾಲೇಜಿಗೆ ಸೇರಿಸುವಾಗ ಹಾಸ್ಟೆಲ್, ಬಸ್ಸು ಎಲ್ಲ ವಿಚಾರಿಸುತ್ತೀರಿ. ಲೈಬ್ರರಿಯಲ್ಲಿ ಯಾರಿದ್ದಾರೆ ಎಂದು ಎಂದಾದರೂ ಕೇಳಿದ್ದೀರಾ?

ಕೆಲಸ ಕಾಲೇಜಿನಲ್ಲೇ ಸಿಗಬೇಕೆಂದೇನೂ ಇಲ್ಲ. ಬೆಂಗಳೂರಿನಲ್ಲಿ ಪೇಟೆಂಟ್ ಹುಡುಕಾಟದ, ಅಂದರೆ ಹೊಸ ಆವಿಷ್ಕಾರವೊಂದು ಮೊದಲೇ ಇದೆಯೇ ಎಂದು ಹುಡುಕಿ ಹೇಳುವ, ಕಂಪನಿಗಳಿವೆ. ಅಲ್ಲಿ ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣ ಬಲ್ಲ ವಿಜ್ಞಾನ ಪದವೀಧರರು ಬೇಕು. ಕಾಫಿ, ಟೀ ಅದರಲ್ಲಿ ಎ23ಎಫ್ ಎಂಬ ಸಂಕೇತದಡಿ ಬರುತ್ತವೆ. ನಮ್ಮ ಸುತ್ತಲೇ ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಹಾಸನದ ಕೃಷಿ, ಪಶುವೈದ್ಯ, ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಅಧಿಸೂಚನೆಗಳ ಮೇಲೆ ಕಣ್ಣಿಟ್ಟಿರಲಿ. ಕೆಲಸ ಸಿಕ್ಕಾಗ ನೇಮಕಾತಿ ಆದೇಶ ಪೂರ್ತಿ ಓದಿಯೇ ಸಹಿ ಹಾಕಲಿ. ಹುದ್ದೆಯ ಹೆಸರು ‘ಗ್ರಂಥಪಾಲಕಿ’ ಎಂದಿದೆಯೋ ‘ಸಹಾಯಕಿ’ ಎಂದಿದೆಯೋ ನೋಡಲಿ. ಮುಂದೆ ಸೇವಾನುಭವದ ಪ್ರಮಾಣಪತ್ರದಲ್ಲಿ ಬರುವುದು ಅದೇ ಹೆಸರು.